ಕಾಕ್‌ಪಿಟ್‌ನ ವೆದರ್ ರೇಡಾರ್ ಬಳಸುವುದು ಹೇಗೆ: ಕೋಲ್ಕತ್ತಾದಿಂದ ಬೆಂಗಳೂರಿನವರೆಗೆ ಒಂದು ಏಪ್ರಿಲ್ ಸಂಜೆ

ಏಪ್ರಿಲ್ ತಿಂಗಳ ಸಂಜೆ ಕೋಲ್ಕತ್ತಾದಿಂದ ಬೆಂಗಳೂರಿಗೆ ಹೊರಟ ಏರ್‌ಬಸ್ ಎ320 ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊರಡುವ ಕಡೆ ವಾಯವ್ಯದಿಂದ ಕಾಲಬೈಸಾಖಿ, ಅಂದರೆ ಬಂಗಾಳದ ಬೇಸಿಗೆಯ ಗುಡುಗು ಬಿರುಗಾಳಿ, ನುಗ್ಗಿ ಬರುತ್ತಿರುತ್ತದೆ. ದಾರಿಯಲ್ಲಿ ಒಡಿಶಾ, ಆಂಧ್ರದ ಕರಾವಳಿಯುದ್ದಕ್ಕೂ ಅಲ್ಲಲ್ಲಿ ಗುಡುಗು ಮೋಡ. ಇಳಿಯುವ ಹೊತ್ತಿಗೆ ಬೆಂಗಳೂರಿನ ಸುತ್ತ ಮುಂಗಾರು ಪೂರ್ವದ ಸಿಡಿಲು ಮಳೆ. ರೇಡಾರ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನಮ್ಮಲ್ಲಿ ಸಿಗುವುದು ಕಷ್ಟ. ಟೈಪ್ ರೇಟಿಂಗ್‌ಗೆ, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಸಿದ್ಧರಾಗುತ್ತಿರುವ ಪೈಲಟ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಕಿಟಕಿ ಸೀಟಿನಲ್ಲಿ ಕೂತು ‘ಯಾಕಪ್ಪಾ ಇಷ್ಟು ಸುತ್ತು ಹಾಕುತ್ತಿದ್ದಾರೆ’ ಎಂದುಕೊಳ್ಳುವವರೂ ಓದಬಹುದು. ಇಲ್ಲಿ ಮೈಲಿ ಎಂದರೆ ನಾಟಿಕಲ್ ಮೈಲಿ (ಸುಮಾರು 1.85 ಕಿಲೋಮೀಟರ್). ಅಂಕಿಗಳಲ್ಲಿ ನಿಮ್ಮ ಕಂಪನಿಯ ಕೈಪಿಡಿಗೂ ಇದಕ್ಕೂ ವ್ಯತ್ಯಾಸ ಕಂಡರೆ ಕೈಪಿಡಿಯೇ ಸರಿ.

ಮೊದಲು: ಪರದೆಯಲ್ಲಿ ಕಾಣುವುದೇನು?

ವಿಮಾನದ ಮೂತಿಯೊಳಗೆ, ರೇಡೋಮ್ ಎಂಬ ಚಿಪ್ಪಿನ ಹಿಂದೆ ಚಪ್ಪಟೆ ಆಂಟೆನಾ ಎಡಬಲ ಓಡಾಡುತ್ತಾ 3 ಸೆಂಟಿಮೀಟರ್ ಚಿಲ್ಲರೆ ತರಂಗಾಂತರದ ಅಲೆಗಳನ್ನು ಬಿಡುತ್ತದೆ. ಹೋದ ಅಲೆ ನೀರಿನ ಹನಿಗೆ ತಾಗಿ ಮರಳುತ್ತದೆ. ಎಷ್ಟು ಮರಳಿತು ಎಂಬುದರ ಮೇಲೆ ಬಣ್ಣ ನಿರ್ಧಾರವಾಗುತ್ತದೆ.

ಮರಳುವ ಅಲೆಯ ಬಲ ಹನಿಯ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿರುತ್ತದೆ. ಹನಿ ಎರಡು ಪಟ್ಟು ದಪ್ಪವಾದರೆ ಪ್ರತಿಫಲನ 64 ಪಟ್ಟು. ಹಾಗಾಗಿ ದಪ್ಪ ಮಳೆಹನಿ, ಅದಕ್ಕಿಂತಲೂ ಹೆಚ್ಚಾಗಿ ನೀರು ಮೆತ್ತಿದ ಆಲಿಕಲ್ಲು, ಉರಿಯುವಂತೆ ಕಾಣುತ್ತದೆ. ಒಣ ಆಲಿಕಲ್ಲು, ಒಣ ಹಿಮ, ಮಂಜಿನ ಹರಳು ಮಂಕಾಗಿ ಕಾಣುತ್ತವೆ, ಇಲ್ಲವೇ ಕಾಣುವುದೇ ಇಲ್ಲ. ಮಳೆಯಿಲ್ಲದ ಮೋಡ, ಮಂಜು, ಜ್ವಾಲಾಮುಖಿಯ ಬೂದಿ, ತಿಳಿಯಾದ ಗಾಳಿಯಲ್ಲಿನ ಟರ್ಬುಲೆನ್ಸ್ (ಕುಲುಕಾಟ) ಇವು ಯಾವುವೂ ಈ ರೇಡಾರ್‌ಗೆ ಗೊತ್ತಾಗುವುದಿಲ್ಲ. ಪರದೆ ಕಪ್ಪಾಗಿದೆ ಎಂದರೆ ಆ ಕೋನದಲ್ಲಿ ಅಲೆ ಮರಳಿಸುವಷ್ಟು ನೀರು ಸಿಗಲಿಲ್ಲ ಎಂದಷ್ಟೇ ಅರ್ಥ.

‘ಆ ಕೋನದಲ್ಲಿ’ ಎಂಬ ಮಾತೇ ಇಡೀ ವಿದ್ಯೆ. ಬೀಮ್‌ನ, ಅಂದರೆ ಆಂಟೆನಾ ಬಿಡುವ ಅಲೆಗಳ ಕಂತೆಯ, ಅಗಲ ಎ320 ವರ್ಗದ ಆಂಟೆನಾದಲ್ಲಿ ಸುಮಾರು 3.5 ಡಿಗ್ರಿ, ಪುಟ್ಟ ವಿಮಾನದ 12 ಇಂಚಿನ ಆಂಟೆನಾದಲ್ಲಿ 8 ಡಿಗ್ರಿ. ಪರದೆಯಲ್ಲಿ ಮೂಡುವುದು ಆಕಾಶದ ಒಂದೇ ಒಂದು ಸೀಳು. ಹಲಸಿನ ಹಣ್ಣನ್ನು ತೊಟ್ಟಿನ ಬಳಿ ಕೊಯ್ದು ನೋಡಿ ‘ಇದರಲ್ಲಿ ತೊಳೆಯೇ ಇಲ್ಲ’ ಎಂದರೆ ಹೇಗೆ? ಸಿಬಿ ಮೋಡವನ್ನು, ಅಂದರೆ ಕ್ಯುಮುಲೊನಿಂಬಸ್ ಅನ್ನು, ಎಲ್ಲಿ ಕೊಯ್ಯಬೇಕೆಂದು ತೀರ್ಮಾನಿಸುವವರು ನೀವು.

ಹಂತ 1: ಬ್ರೀಫಿಂಗ್‌ನಲ್ಲೇ ಮೂರು ಅಂಕಿ ಬರೆದಿಟ್ಟುಕೊಳ್ಳಿ

ಉಪಗ್ರಹ ಚಿತ್ರ, ಸಿಗ್‌ಮೆಟ್ (ಅಪಾಯಕಾರಿ ಹವಾಮಾನದ ಎಚ್ಚರಿಕೆ), ಎರಡೂ ಊರಿನ ಮುನ್ಸೂಚನೆ ನೋಡುವುದು ಎಲ್ಲರೂ ಮಾಡುವ ಕೆಲಸ. ರೇಡಾರ್ ದೃಷ್ಟಿಯಿಂದ ನಿಮಗೆ ಬೇಕಾದದ್ದು ಫ್ರೀಜಿಂಗ್ ಲೆವೆಲ್ (ಉಷ್ಣಾಂಶ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ), ಮೋಡದ ತುದಿಯ ಎತ್ತರ, ನೀವು ಹಾರುವ ಮಟ್ಟದ ಗಾಳಿಯ ದಿಕ್ಕು ಮತ್ತು ವೇಗ.

ಬೇಸಿಗೆಯಲ್ಲಿ ನಮ್ಮ ಕಡೆ ಫ್ರೀಜಿಂಗ್ ಲೆವೆಲ್ ಸುಮಾರು 15,000-16,000 ಅಡಿಯಲ್ಲಿರುತ್ತದೆ. ಅದರ ಕೆಳಗೂ ಸ್ವಲ್ಪ ಮೇಲೂ ಇರುವ ಭಾಗವೇ ರೇಡಾರ್‌ಗೆ ಚೆನ್ನಾಗಿ ಕಾಣುವ ‘ಒದ್ದೆ’ ಭಾಗ. ಅದಕ್ಕಿಂತ ತುಂಬಾ ಮೇಲೆ ಇರುವುದೆಲ್ಲ ಬಹುಪಾಲು ಹಿಮದ ಹರಳು. ಉಷ್ಣವಲಯದ ಸಿಬಿ 50,000 ಅಡಿ ಮುಟ್ಟುವುದು ಅಪರೂಪವಲ್ಲ. ನೀವು 34,000 ಅಡಿಯಲ್ಲಿದ್ದೀರಿ ಎಂದರೆ ಮೋಡದ ತಲೆಯ ಮೇಲಿಲ್ಲ, ಅದರ ಒಣ ಎದೆಯ ಮಟ್ಟದಲ್ಲಿದ್ದೀರಿ. ನೇರ ಮುಂದಕ್ಕೆ ನೋಡಿದರೆ ರೇಡಾರ್‌ಗೆ ಸಿಗುವುದು ಆ ಒಣ ಭಾಗವೇ.

ಹಂತ 2: ನೆಲದ ಮೇಲೆ

ಸ್ಟ್ಯಾಂಡ್‌ನಲ್ಲಿ ನಿಂತಿರುವಾಗ, ಮೂತಿಯ ಮುಂದೆ ಜನ ಓಡಾಡುವಾಗ, ಇಂಧನ ತುಂಬುವಾಗ ರೇಡಾರ್ ಹಚ್ಚಬೇಡಿ. ಸುತ್ತು ಹಾಕಿ ನೋಡುವಾಗ ರೇಡೋಮ್ ಕಡೆ ಒಂದು ಗಳಿಗೆ ಹೆಚ್ಚು ನಿಲ್ಲಿ. ಬಿರುಕು ಬಿಟ್ಟು ಒಳಗೆ ನೀರು ಸೇರಿದ್ದರೆ ಆ ದಿಕ್ಕಿನ ಚಿತ್ರವೆಲ್ಲ ಸುಳ್ಳಾಗುತ್ತದೆ.

ಪ್ರಿಡಿಕ್ಟಿವ್ ವಿಂಡ್‌ಶಿಯರ್ ಸ್ವಿಚ್ ಆಟೋದಲ್ಲಿರಲಿ. 2,300 ಅಡಿಗಿಂತ ಕೆಳಗೆ ಅದು ತಾನಾಗಿಯೇ ಮುಂದಿನ ಗಾಳಿಯ ಏರುಪೇರು ಹುಡುಕುತ್ತದೆ. ಟೇಕಾಫ್ ಓಟದಲ್ಲಿ 100 ನಾಟ್ ವೇಗ ದಾಟಿದ ಮೇಲೆ 50 ಅಡಿ ಏರುವವರೆಗೆ ಅದರ ಎಚ್ಚರಿಕೆ ಬರುವುದಿಲ್ಲ. ಆ ಹೊತ್ತಿನಲ್ಲಿ ಪೈಲಟ್‌ನ ಗಮನ ಸೆಳೆಯಬಾರದೆಂದು ಹಾಗೆ ಮಾಡಿದ್ದಾರೆ.

ಹಂತ 3: ರನ್‌ವೇಗೆ ಬಂದಾಗ

ಮೂತಿ ಹೊರಡುವ ದಿಕ್ಕಿಗೆ ತಿರುಗಿದೊಡನೆ ರೇಂಜ್ (ಪರದೆ ತೋರಿಸುವ ದೂರ) ಕಡಿಮೆ ಮಾಡಿ, ಟಿಲ್ಟ್ ಅನ್ನು, ಅಂದರೆ ಆಂಟೆನಾ ಮೇಲೆ ಕೆಳಗೆ ವಾಲುವ ಕೋನವನ್ನು, ನಿಧಾನವಾಗಿ ಮೇಲಿನ ತುದಿಯವರೆಗೆ, ಅಂದರೆ 15 ಡಿಗ್ರಿಯವರೆಗೆ, ಏರಿಸಿ. ತಲೆಯ ಮೇಲೆ ಏನು ತೂಗುತ್ತಿದೆ ಎಂದು ಗೊತ್ತಾಗುತ್ತದೆ. ಆಮೇಲೆ 4 ಡಿಗ್ರಿ ಮೇಲಕ್ಕೆ ತಂದು ಬಿಡಿ.

ಕಾಲಬೈಸಾಖಿಯ ವಿಷಯದಲ್ಲಿ ಇಲ್ಲಿಯೇ ಒಂದು ಮಾತು. ಅದು ಸಾಲುಗಟ್ಟಿ ಬರುವ ಬಿರುಗಾಳಿ. ಮಳೆಗಿಂತ ಮೊದಲು ಗಾಳಿಯ ಮುಂಚೂಣಿ ಧೂಳೆಬ್ಬಿಸಿಕೊಂಡು ರನ್‌ವೇ ಮೇಲೆ ಹಾಯುತ್ತದೆ. ಪರದೆಯಲ್ಲಿ ಕೆಂಪು ಇನ್ನೂ ಹದಿನೈದು ಮೈಲಿ ದೂರವಿದೆ ಎಂದು ಹೊರಟರೆ, ಕೆಂಪಿನ ಮುಂದೆ ಬರುವ ಆ ಒಣ ಗಾಳಿ ಸಿಗುತ್ತದೆ. ಪ್ರತಿಫಲಿಸಲು ಹನಿ ಇಲ್ಲದಿದ್ದರೆ ವಿಂಡ್‌ಶಿಯರ್ ವ್ಯವಸ್ಥೆಯೂ ಕೈಕೊಡಬಹುದು. ಕಾಯುವುದರಿಂದ ಹೋಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆ. ಕಾಯಿರಿ.

ಹಂತ 4: ಏರುತ್ತಾ ಟಿಲ್ಟ್ ಇಳಿಸಿ

ಲೆಕ್ಕ ಒಂದೇ, ಬಾಯಿಪಾಠ ಮಾಡಿ: 1 ಡಿಗ್ರಿ ಎಂದರೆ ಮೈಲಿಗೆ 100 ಅಡಿ. 40 ಮೈಲಿ ದೂರದಲ್ಲಿ 1 ಡಿಗ್ರಿಗೆ 4,000 ಅಡಿ, 80 ಮೈಲಿಗೆ 8,000 ಅಡಿ.

ನೆಲದ ಬಳಿ 4 ಡಿಗ್ರಿ ಮೇಲಕ್ಕೆ ಇಟ್ಟಾಗ ಬೀಮ್‌ನ ನಡು 40 ಮೈಲಿ ದೂರದಲ್ಲಿ 16,000 ಅಡಿಗೆ ತಾಗುತ್ತದೆ. ಅಂದರೆ ಸರಿಯಾಗಿ ಫ್ರೀಜಿಂಗ್ ಲೆವೆಲ್. ನೀವು 15,000 ಅಡಿ ತಲುಪಿದಾಗ ಅದೇ ಜಾಗ ನೋಡಲು ಟಿಲ್ಟ್ ಹೆಚ್ಚುಕಡಿಮೆ ಸೊನ್ನೆ ಸಾಕು. 25,000 ಅಡಿಯಲ್ಲಿ 2-3 ಡಿಗ್ರಿ ಕೆಳಗೆ ಬೇಕು. ಏರುವಾಗ ಕೈ ಟಿಲ್ಟ್ ಗುಂಡಿಯಿಂದ ದೂರ ಹೋಗದಿರಲಿ.

ಹಂತ 5: ಕ್ರೂಸ್‌ನಲ್ಲಿ (ಏರಿ ಮುಗಿದು ಒಂದೇ ಎತ್ತರದಲ್ಲಿ ಸಾಗುವಾಗ) ಟಿಲ್ಟ್

ಪಾಠದ ತಿರುಳು ಇಲ್ಲಿದೆ. ಸಾಮಾನ್ಯ ಸೂತ್ರ: ಪರದೆಯ ಮೇಲಂಚಿನಲ್ಲಿ ನೆಲದ ಚುಕ್ಕೆಗಳು ಆಗಷ್ಟೇ ಕಾಣಿಸುವಷ್ಟು ಟಿಲ್ಟ್ ಇಳಿಸಿ. ಏರ್‌ಬಸ್ ಕ್ರೂಸ್‌ಗೆ ಹೇಳುವ ಅಂದಾಜು ಹೀಗಿದೆ: 320 ಮೈಲಿ ರೇಂಜ್‌ಗೆ 1 ಡಿಗ್ರಿ ಕೆಳಗೆ, 160ಕ್ಕೆ 1.5, 80ಕ್ಕೆ 3.5, 40ಕ್ಕೆ 6 ಡಿಗ್ರಿ ಕೆಳಗೆ. ಆ 6 ಡಿಗ್ರಿ ಹೊಸಬರಿಗೆ ಅತಿಯಾಯಿತು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಸಮಾಧಾನವಾಗುತ್ತದೆ.

ನೀವು 34,000 ಅಡಿಯಲ್ಲಿದ್ದೀರಿ. ಟಿಲ್ಟ್ 1.5 ಡಿಗ್ರಿ ಕೆಳಗಿದೆ. 80 ಮೈಲಿ ದೂರದಲ್ಲಿ, ವಿಜಯವಾಡದ ಕಡೆ, ಒಂದು ಮೋಡ. ಬೀಮ್‌ನ ನಡು ಅಲ್ಲಿ 22,000 ಅಡಿಯಲ್ಲಿದೆ, ಕೆಳಂಚು 8,000, ಮೇಲಂಚು 36,000. ಒದ್ದೆ ಭಾಗದ ಹೆಚ್ಚಿನ ಪಾಲು ಬೀಮ್‌ನೊಳಗಿದೆ; ಮೋಡ ಕೆಂಪಾಗಿ ಕಾಣುತ್ತದೆ. ಟಿಲ್ಟ್ ಮುಟ್ಟದೆ ಹತ್ತಿರ ಹೋಗಿ. 40 ಮೈಲಿ ಬಂದಾಗ ಕೆಳಂಚು 21,000 ಅಡಿಗೆ ಏರಿರುತ್ತದೆ. 16,000 ಅಡಿಯ ಕೆಳಗಿನ ದಪ್ಪ ಮಳೆ ಈಗ ಬೀಮ್‌ನ ಅಡಿಯಲ್ಲಿ ಉಳಿದುಹೋಯಿತು. ಕೆಂಪು ಹಳದಿಯಾಗಿ, ಹಳದಿ ಹಸಿರಾಗಿ, ಆಮೇಲೆ ಮಾಯವಾಗುತ್ತದೆ. ‘ಪರವಾಗಿಲ್ಲ, ಕರಗುತ್ತಿದೆ’ ಎಂದು ಇಬ್ಬರೂ ನೆಮ್ಮದಿಯಾಗುತ್ತಾರೆ. ಮೋಡ ಕರಗಿಲ್ಲ. ನೀವು ಅದರ ಮೇಲಿನಿಂದ ನೋಡುತ್ತಿದ್ದೀರಿ, ನಾಲ್ಕೈದು ನಿಮಿಷದಲ್ಲಿ ಅದರೊಳಗಿರುತ್ತೀರಿ. ಹತ್ತಿರ ಬಂದಂತೆ ಮಂಕಾಗುವ ಮೋಡ ಕಂಡರೆ ಮೊದಲು ಟಿಲ್ಟ್ ಇಳಿಸಿ, ಆಮೇಲೆ ಅಭಿಪ್ರಾಯ ಹೇಳಿ.

ರೇಂಜ್ ಬದಲಾದಾಗಲೆಲ್ಲ ಟಿಲ್ಟ್ ಬದಲಾಗಬೇಕು. ಇಬ್ಬರು ಪೈಲಟ್‌ಗಳು ಬೇರೆ ಬೇರೆ ರೇಂಜ್ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ: ಹಾರಿಸುತ್ತಿರುವವರು 80 ಅಥವಾ ಕಡಿಮೆ, ಇನ್ನೊಬ್ಬರು 160. ಆದರೆ ಆಂಟೆನಾ ಒಂದೇ, ಕೈಯಿಂದ ಹೊಂದಿಸುವ ಟಿಲ್ಟ್ ಕೂಡ ಒಂದೇ. ಸದಾ 40ರಲ್ಲೇ ಇಟ್ಟು ಕೂತರೆ ಎರಡು ಮೋಡಗಳ ನಡುವಿನ ಚಂದದ ದಾರಿ ಮುಂದೆ ಗೋಡೆಗೆ ಹೋಗಿ ನಿಲ್ಲುತ್ತದೆಂದು ತಡವಾಗಿ ತಿಳಿಯುತ್ತದೆ.

ದೂರದಲ್ಲಿ ಭೂಮಿಯ ವಕ್ರತೆಯೂ ಸೇರಿಕೊಳ್ಳುತ್ತದೆ. 100 ಮೈಲಿ ಆಚೆ ನೆಲ ಆರೇಳು ಸಾವಿರ ಅಡಿ ‘ಬಾಗಿರುತ್ತದೆ’. ಮೇಲೆ ಹೇಳಿದ ಲೆಕ್ಕವನ್ನು ಹತ್ತಿರದ ಮೋಡಗಳಿಗೆ ಮಾತ್ರ ನೆಚ್ಚಿಕೊಳ್ಳಿ. ಇನ್ನೊಂದು ತೊಡಕು ಬಂಗಾಳ ಕೊಲ್ಲಿಯದು. ಶಾಂತ ಸಮುದ್ರ ಅಲೆಗಳನ್ನು ಮುಂದಕ್ಕೆ ಜಾರಿಸಿಬಿಡುತ್ತದೆ, ಹಿಂದಕ್ಕೆ ಕಳಿಸುವುದು ಕಡಿಮೆ. ಎಡಭಾಗದಲ್ಲಿ ನೀರು, ಬಲಭಾಗದಲ್ಲಿ ಕರಾವಳಿ ಇದ್ದಾಗ ಪರದೆಯ ಅರ್ಧದಲ್ಲಿ ಮಾತ್ರ ನೆಲ ಕಾಣುತ್ತದೆ. ಎಡಕ್ಕೆ ನೆಲ ಕಾಣಲಿಲ್ಲವೆಂದು ಟಿಲ್ಟ್ ಇನ್ನೂ ಕೆಳಗೆ ತಳ್ಳಬೇಡಿ.

ಹಂತ 6: ಮೋಡದ ತಲೆ ಅಳೆಯುವುದು

ಮೋಡ 40 ಮೈಲಿಯಲ್ಲಿದೆ, ನೀವು 36,000 ಅಡಿಯಲ್ಲಿದ್ದೀರಿ. ಟಿಲ್ಟ್ ಅನ್ನು ನಿಧಾನವಾಗಿ ಏರಿಸಿ, ಎಕೋ (ಮರಳಿದ ಅಲೆಯಿಂದ ಮೂಡಿದ ಚಿತ್ರ) ಎಲ್ಲಿ ಅಳಿಯುತ್ತದೆ ನೋಡಿ. 1 ಡಿಗ್ರಿ ಮೇಲಕ್ಕೆ ಬಂದಾಗ ಅಳಿಯಿತು ಎನ್ನಿ. ಬೀಮ್‌ನ ಅರ್ಧ, ಅಂದರೆ 1.75 ಕಳೆದರೆ ಕೆಳಂಚು ನಿಮ್ಮಿಂದ 0.75 ಡಿಗ್ರಿ ಕೆಳಗಿದೆ. 0.75 × 4,000 = 3,000. ಒದ್ದೆ ತುದಿ 33,000 ಅಡಿ ಎಂದಾಯಿತು.

ಹಾಗಾದರೆ ಮೇಲಿನಿಂದ ಹಾರಿ ಹೋಗಬಹುದೇ? ಇಲ್ಲ. ಅದು ರೇಡಾರ್‌ಗೆ ಕಂಡ ತುದಿ. ಕಣ್ಣಿಗೆ ಕಾಣುವ ತುದಿ ಅದಕ್ಕಿಂತ ಸಾವಿರಾರು ಅಡಿ ಮೇಲಿರಬಹುದು, ಕುಲುಕಾಟ ಅದಕ್ಕೂ ಮೇಲೆ. ಮೋಡದ ತಲೆಯಿಂದ ಕನಿಷ್ಠ 5,000 ಅಡಿ ಅಂತರ ಸಿಗದಿದ್ದರೆ ಮೇಲಿನ ದಾರಿ ಮರೆತುಬಿಡಿ. ಕೆಳಗಿನ ದಾರಿಯಂತೂ ಲೆಕ್ಕಕ್ಕೇ ಇಲ್ಲ. ಉಳಿದದ್ದು ಪಕ್ಕದ ದಾರಿ.

ಹಂತ 7: ಬಣ್ಣ, ಆಕಾರ, ನೆರಳು

ಹಸಿರು ಎಂದರೆ ಗಂಟೆಗೆ ಸುಮಾರು 4 ಮಿಲಿಮೀಟರ್‌ವರೆಗಿನ ಮಳೆ, ಹಳದಿ 4ರಿಂದ 12, ಕೆಂಪು ಅದಕ್ಕೂ ಮೇಲೆ. ಮಜೆಂಟಾ ಬಣ್ಣ ಡಾಪ್ಲರ್ ಲೆಕ್ಕದಿಂದ ಬರುವುದು. ಹನಿಗಳ ವೇಗದಲ್ಲಿ ಏರುಪೇರು ಇದೆ ಎಂದರ್ಥ. ಅನೇಕ ರೇಡಾರ್‌ಗಳಲ್ಲಿ ಅದು 40 ಮೈಲಿಯೊಳಗೆ ಮಾತ್ರ ಸಿಗುತ್ತದೆ, ಹನಿ ಇದ್ದಲ್ಲಿ ಮಾತ್ರ ಸಿಗುತ್ತದೆ.

ನಾನು ಬಣ್ಣಕ್ಕಿಂತ ಅಂಚಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಹಸಿರಿನಿಂದ ಕೆಂಪಿಗೆ ಹೋಗಲು ಹತ್ತು ಮೈಲಿ ತೆಗೆದುಕೊಳ್ಳುವ ಮುಂಗಾರಿನ ಹಾಸುಮಳೆ ಬೇರೆ, ಎರಡೇ ಮೈಲಿಯಲ್ಲಿ ಕಪ್ಪಿನಿಂದ ಕೆಂಪಿಗೆ ಜಿಗಿಯುವ ಏಪ್ರಿಲ್‌ನ ಮೋಡ ಬೇರೆ. ಬಣ್ಣಗಳು ಒತ್ತೊತ್ತಾಗಿ ಕೂತಿದ್ದರೆ ಅಲ್ಲಿ ಗಾಳಿ ರಭಸವಾಗಿ ಮೇಲೆ ಕೆಳಗೆ ಓಡುತ್ತಿದೆ. ಕೊಕ್ಕೆ, ಬೆರಳಿನಂಥ ಚಾಚು, ‘ಯು’ ಆಕಾರ, ಕಚ್ಚಿ ತೆಗೆದಂಥ ಅಂಚು ಕಂಡರೆ ಆಲಿಕಲ್ಲು ಇದೆಯೆಂದೇ ತಿಳಿಯಿರಿ. ಒಂದೆರಡು ನಿಮಿಷದಲ್ಲೇ ಆಕಾರ ಬದಲಿಸುವ ಮೋಡ ಜೀವಂತವಾಗಿದೆ, ಬೆಳೆಯುತ್ತಿದೆ.

ಇನ್ನು ನೆರಳು. ದಟ್ಟ ಮಳೆ ರೇಡಾರ್‌ನ ಅಲೆಯನ್ನೇ ನುಂಗಿಹಾಕುತ್ತದೆ. ಮುಂದಿನ ಮೋಡವನ್ನು ದಾಟಿ ಹಿಂದಿನದನ್ನು ತಲುಪಲು ಶಕ್ತಿಯೇ ಉಳಿದಿರುವುದಿಲ್ಲ. ಪರದೆಯಲ್ಲಿ ಕೆಂಪಿನ ಹಿಂದೆ ಅಚ್ಚ ಕಪ್ಪು. ಒಳಗೆ ಬಾಗಿದ ಬಿಲ್ಲಿನಂತೆ ಕೆಂಪು, ಅದರ ಬೆನ್ನಿಗೆ ಖಾಲಿ ಜಾಗ ಕಂಡರೆ ಅದೇ ಅತ್ಯಂತ ಕೆಟ್ಟ ಜಾಗವಿರಬಹುದು.

1977ರ ಏಪ್ರಿಲ್ 4ರಂದು ಅಮೆರಿಕದ ಹಂಟ್ಸ್‌ವಿಲ್‌ನಿಂದ ಅಟ್ಲಾಂಟಾಕ್ಕೆ ಹೊರಟಿದ್ದ ಸದರ್ನ್ ಏರ್‌ವೇಸ್ 242 ಎಂಬ ಡಿಸಿ-9 ಗುಡುಗು ಮಳೆಯ ನಡುವೆ ದಾರಿ ಹುಡುಕುತ್ತಾ ಹೋಗಿ ನೀರು, ಆಲಿಕಲ್ಲು ನುಂಗಿತು. ಎರಡೂ ಎಂಜಿನ್ ನಿಂತವು. ಜಾರ್ಜಿಯಾದ ನ್ಯೂ ಹೋಪ್‌ನಲ್ಲಿ ಹೆದ್ದಾರಿಯ ಮೇಲೆ ಇಳಿಸಲು ಯತ್ನಿಸಿದಾಗ ನೆಲದ ಮೇಲಿದ್ದವರೂ ಸೇರಿ 72 ಜನ ಸತ್ತರು. ಮೋಡದ ನಡುವೆ ತೂರಲು ಕ್ಯಾಪ್ಟನ್ ವಿಮಾನದ ರೇಡಾರ್ ಅನ್ನೇ ನೆಚ್ಚಿದ್ದನ್ನು ಅಮೆರಿಕದ ತನಿಖಾ ಮಂಡಳಿ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ರೇಡಾರ್ ಇರುವುದು ದೂರ ಸರಿಯಲು. ತೂರಿ ಹೋಗಲು ಬಳಸಿದರೆ ಅದು ಜವಾಬ್ದಾರಿ ಹೊರುವುದಿಲ್ಲ.

ನೆರಳಿನ ಅನುಮಾನ ಬಂದರೆ ಟಿಲ್ಟ್ ಇಳಿಸಿ ನೋಡಿ. ಎಡಬಲದಲ್ಲಿ ನೆಲ ಕಾಣುತ್ತಿದ್ದು ಮೋಡದ ಬೆನ್ನಿಗೆ ಮಾತ್ರ ನೆಲವೂ ಕಾಣುತ್ತಿಲ್ಲ ಎಂದರೆ ಅಲೆ ಅಲ್ಲಿಗೆ ತಲುಪುತ್ತಿಲ್ಲ. ಕೆಲವು ರೇಡಾರ್‌ಗಳು ಪರದೆಯಂಚಿನಲ್ಲಿ ಹಳದಿ ಕಮಾನು ಮೂಡಿಸಿ ಇದನ್ನು ತಾವೇ ಹೇಳುತ್ತವೆ.

ಹಂತ 8: ಗೇನ್

ಸಾಧಾರಣವಾಗಿ ಗೇನ್, ಅಂದರೆ ರೇಡಾರ್‌ನ ಸೂಕ್ಷ್ಮತೆ, ಕ್ಯಾಲ್ (ಮೊದಲೇ ನಿಗದಿಯಾದ ಮಟ್ಟ) ಅಥವಾ ಆಟೋದಲ್ಲಿರಲಿ; ಬಣ್ಣಗಳ ಅರ್ಥ ನಿಜವಾಗುವುದು ಅಲ್ಲಿ ಮಾತ್ರ. ಮುಂದೆಲ್ಲ ಕೆಂಪೇ ಹರಡಿಕೊಂಡಿದ್ದರೆ ಗೇನ್ ತುಸು ಇಳಿಸಿ. ಕೊನೆಯವರೆಗೆ ಕೆಂಪಾಗಿ ಉಳಿಯುವ ಚುಕ್ಕೆಗಳೇ ನಿಜವಾದ ಗರ್ಭ. ನೋಡಿದ ಕೂಡಲೇ ಹಿಂದಕ್ಕೆ ತನ್ನಿ.

30,000 ಅಡಿಯ ಮೇಲೆ, ಅದರಲ್ಲೂ ಸಮುದ್ರದ ಮೇಲೆ, ಇದಕ್ಕೆ ವಿರುದ್ಧವಾಗಿ ಗೇನ್ ಏರಿಸಿ ನೋಡುವ ಅಭ್ಯಾಸ ಬೇಕು. ಸಮುದ್ರದ ಮೋಡಗಳು ಎತ್ತರದಲ್ಲಿ ಮಂಕಾಗಿ ಕಾಣುತ್ತವೆ. ಆದರೆ ಹಿಮದ ಹರಳುಗಳು ಎಂಜಿನ್‌ಗೂ ವೇಗ ಅಳೆಯುವ ಪಿಟೊ ಕೊಳವೆಗೂ ಆಪತ್ತು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ಪಿಟೊ ಕೊಳವೆಗಳು ಕಟ್ಟಿಕೊಂಡದ್ದು ಇಂಥ ಹರಳುಗಳಿಂದ. ಅಲ್ಲಿಂದ ಶುರುವಾದ ಗೊಂದಲ 228 ಜನರ ಸಾವಿನಲ್ಲಿ ಮುಗಿಯಿತು. ಅಪಘಾತಕ್ಕೆ ಕಾರಣ ರೇಡಾರ್ ಒಂದೇ ಅಲ್ಲ. ಆದರೆ ಆ ರಾತ್ರಿ ಅದೇ ಭಾಗದಲ್ಲಿ ಹಾರಿದ ಬೇರೆ ವಿಮಾನಗಳು ಮೋಡದ ಸಾಲಿನಿಂದ ಸಾಕಷ್ಟು ದೂರ ಸರಿದು ಹೋದವು. 447 ಎಡಕ್ಕೆ ತಿರುಗಿದ್ದು ಸುಮಾರು 12 ಡಿಗ್ರಿ.

ಹಂತ 9: ಎಲ್ಲಿ ತಿರುಗಬೇಕು, ಯಾರನ್ನು ಕೇಳಬೇಕು

ಮೋಡ 80 ಮೈಲಿಯಲ್ಲಿರುವಾಗ ಯೋಜನೆ ಇರಲಿ, 40 ಮೈಲಿಗೆ ಬರುವಷ್ಟರಲ್ಲಿ ಮೂತಿ ತಿರುಗಿರಲಿ. ಹಳದಿ, ಕೆಂಪು, ಮಜೆಂಟಾದಿಂದ 20 ಮೈಲಿ ಅಂತರ. ಎರಡು ದೊಡ್ಡ ಮೋಡಗಳ ನಡುವೆ ಹೋಗುವುದಾದರೆ ಎರಡೂ ಕಡೆ 20 ಬೇಕು, ಅಂದರೆ 40 ಮೈಲಿ ಸಂದು. 15 ಮೈಲಿ ಸಂದಿಯಲ್ಲಿ ನುಸುಳುವುದು ಜಾಣತನವೆಂದು ಕೆಲವರು ಹೆಮ್ಮೆಪಡುವುದುಂಟು. ಆ ಸಂದಿಯೇ ಮುಂದಿನ ಮೋಡ ಹುಟ್ಟುವ ಜಾಗ.

ಯಾವ ಕಡೆಗೆ? ಗಾಳಿ ಬರುವ ಕಡೆಗೆ. ಏಪ್ರಿಲ್‌ನಲ್ಲಿ ಆ ಎತ್ತರದ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಮೋಡದ ನೆತ್ತಿಯ ಚಾಚು, ಅದರಡಿ ಉದುರುವ ಆಲಿಕಲ್ಲು ಎರಡೂ ಪೂರ್ವಕ್ಕೆ ತೂರುತ್ತವೆ. ನೋಟಕ್ಕೆ ಪೂರ್ವದ ಸಮುದ್ರ ಖಾಲಿಯಾಗಿ ಕಂಡರೂ ಪಶ್ಚಿಮದ ಬದಿಯೇ ಮೇಲು. ಅಲ್ಲಿ ಜಾಗವಿಲ್ಲವೆಂದರೆ ಪೂರ್ವಕ್ಕೆ ಹೋಗಿ, ಅಂತರ ಇನ್ನಷ್ಟು ಹೆಚ್ಚಿಸಿ.

ಎಟಿಸಿಯನ್ನು (ವಾಯು ಸಂಚಾರ ನಿಯಂತ್ರಣ) ಬೇಗ ಕೇಳಿ, ಅಂಕಿ ಹಾಕಿ ಕೇಳಿ: ‘ರಿಕ್ವೆಸ್ಟ್ ಡೀವಿಯೇಷನ್ 20 ಮೈಲ್ಸ್ ರೈಟ್ ಡ್ಯೂ ವೆದರ್’. ‘ಸ್ವಲ್ಪ ಬಲಕ್ಕೆ’ ಎಂದರೆ ಅವರಿಗೆ ಬೇರೆ ವಿಮಾನಗಳನ್ನು ಸರಿಸಲು ಆಗುವುದಿಲ್ಲ. ತಡಮಾಡಿದರೆ ‘ಇಲ್ಲ’ ಎಂಬ ಉತ್ತರಕ್ಕೆ ಪರ್ಯಾಯವೇ ಉಳಿಯುವುದಿಲ್ಲ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೋ ವಿಮಾನ ಪಠಾಣ್‌ಕೋಟ್ ಬಳಿ ಗಡಿಯ ಕಡೆಗೆ ಸರಿಯಲು ಕೇಳಿತು, ಸಿಗಲಿಲ್ಲ; ಪಾಕಿಸ್ತಾನದ ಲಾಹೋರ್ ಎಟಿಸಿ ಕೂಡ ಒಪ್ಪಲಿಲ್ಲ. ಹಿಂದಿರುಗಲು ನೋಡುವಷ್ಟರಲ್ಲಿ ಮೋಡ ತೀರಾ ಹತ್ತಿರವಿತ್ತು. ಆಲಿಕಲ್ಲಿನ ನಡುವೆ ಹಾದು, ಮೂತಿ ಜಜ್ಜಿಸಿಕೊಂಡು, ಶ್ರೀನಗರದಲ್ಲಿ ಕ್ಷೇಮವಾಗಿ ಇಳಿಯಿತು. ಗಡಿ, ಸೇನೆಯ ವಾಯುಪ್ರದೇಶ ಇವು ಪರದೆಯಲ್ಲಿ ಬಣ್ಣವಿಲ್ಲದ ಗೋಡೆಗಳು. ಬ್ರೀಫಿಂಗ್‌ನಲ್ಲೇ ಅವನ್ನು ಗುರುತು ಹಾಕಿಕೊಳ್ಳಿ.

ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದೆ ಪ್ರಾಣಾಪಾಯವಿದೆ ಎನಿಸಿದರೆ ಕ್ಯಾಪ್ಟನ್‌ಗೆ ತುರ್ತು ಪರಿಸ್ಥಿತಿ ಘೋಷಿಸುವ ಅಧಿಕಾರ ಇದ್ದೇ ಇದೆ. ಹೋಗಲೇಬೇಕಾಗಿ ಬಂದರೆ ಬೆಲ್ಟ್ ದೀಪ, ಕ್ಯಾಬಿನ್ ಸಿಬ್ಬಂದಿಗೆ ಸೂಚನೆ, ಎಂಜಿನ್ ಆಂಟಿ-ಐಸ್, ಕೈಪಿಡಿ ಹೇಳುವ ಟರ್ಬುಲೆನ್ಸ್ ವೇಗ. ಒಳಹೊಕ್ಕ ಮೇಲೆ ತಿರುಗಬೇಡಿ.

ಹಂತ 10: ಬೆಂಗಳೂರಿಗೆ ಇಳಿಯುವಾಗ

ಇಳಿಯುವಾಗ ಲೆಕ್ಕ ತಿರುಗುಮುರುಗು. ಪ್ರತಿ 10,000 ಅಡಿ ಇಳಿದಂತೆ 1 ಡಿಗ್ರಿಯಷ್ಟು ಟಿಲ್ಟ್ ಏರಿಸುತ್ತಾ ಬನ್ನಿ, 15,000 ಅಡಿಯ ಕೆಳಗೆ ಪ್ರತಿ 5,000ಕ್ಕೆ 1 ಡಿಗ್ರಿ, ಅಪ್ರೋಚ್‌ನಲ್ಲಿ 4 ಡಿಗ್ರಿ ಮೇಲಕ್ಕೆ.

ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ. ಉತ್ತರಕ್ಕೆ ನಂದಿ ಬೆಟ್ಟ ಸುಮಾರು 4,850 ಅಡಿ. ಟಿಲ್ಟ್ ಕೆಳಗೇ ಉಳಿದಿದ್ದರೆ ಬೆಟ್ಟಸಾಲು ಚೊಕ್ಕವಾದ ಮೋಡದಂತೆ ಕಾಣುತ್ತದೆ. ಪತ್ತೆ ಸುಲಭ: ಟಿಲ್ಟ್ ಒಂದೆರಡು ಡಿಗ್ರಿ ಏರಿಸಿದರೆ ಬೆಟ್ಟ ಥಟ್ಟನೆ ಅಳಿಯುತ್ತದೆ, ಮಳೆ ಉಳಿಯುತ್ತದೆ. ಮಂಗಳೂರಿಗೆ ಹೋಗುವವರಿಗೆ ಪಶ್ಚಿಮ ಘಟ್ಟದ ಮೇಲೆ ಈ ಪರೀಕ್ಷೆ ಇನ್ನೂ ಹೆಚ್ಚು ಬೇಕು. ಮಳೆಗಾಲದಲ್ಲಿ ಅಲ್ಲಿ ಬೆಟ್ಟವೂ ಮಳೆಯೂ ಒಂದೇ ಕಡೆ ಇರುತ್ತವೆ.

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ, ರನ್‌ವೇಯ ಆಚೆಯೂ ನೋಡಿ. ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಬೇಕಾದರೆ ಹೋಗುವುದು ಆ ಕಡೆಗೇ. ಅಲ್ಲಿ ಕೆಂಪಿದ್ದರೆ ಇಳಿಯುವ ಮೊದಲೇ ಎಟಿಸಿಗೆ ಹೇಳಿ ಬೇರೆ ದಿಕ್ಕು ಕೇಳಿಟ್ಟುಕೊಳ್ಳಿ. ಹೋಲ್ಡಿಂಗ್‌ನಲ್ಲಿ, ಅಂದರೆ ಇಳಿಯಲು ಕಾಯುತ್ತಾ, ಸುತ್ತುವಾಗ ರೇಡಾರ್‌ಗೆ ಬೆನ್ನ ಹಿಂದಿನದು ಕಾಣುವುದಿಲ್ಲ ಎಂಬುದೂ ನೆನಪಿರಲಿ. ಚೆನ್ನೈಗೋ ಹೈದರಾಬಾದಿಗೋ ಹೋಗುವಷ್ಟು ಇಂಧನ ಇರುವಾಗಲೇ ಆ ದಾರಿಯ ಕಡೆ ಮೂತಿ ಬಂದ ಸುತ್ತಿನಲ್ಲಿ ಅಲ್ಲಿನ ಮೋಡಗಳನ್ನು ನೋಡಿಟ್ಟುಕೊಳ್ಳಿ.

ಆಟೋ ರೇಡಾರ್ ಇದ್ದರೆ?

ಮಲ್ಟಿಸ್ಕ್ಯಾನ್, ಇಂಟುವ್ಯೂ ಬಗೆಯ ಹೊಸ ರೇಡಾರ್‌ಗಳು ಹಲವು ಕೋನಗಳಲ್ಲಿ ತಾವೇ ನೋಡಿ, ನೆಲದ ಎಕೋ ತೆಗೆದು, ಒಂದು ಚಿತ್ರ ಜೋಡಿಸಿ ಕೊಡುತ್ತವೆ. ಚೆನ್ನಾಗಿಯೇ ಮಾಡುತ್ತವೆ, ಆಟೋದಲ್ಲಿ ಬಿಡುವುದೇ ಸರಿ. ಆದರೆ ಎಕೋ ಕಂಡು ಅನುಮಾನ ಬಂದಾಗ ಮ್ಯಾನ್ಯುಯಲ್‌ಗೆ ತಂದು ಮೇಲಿನ ಲೆಕ್ಕಗಳನ್ನು ಹಾಕಲು ಬರಬೇಕು. ಬಿಡುವಿದ್ದ ಹಗಲು ಹಾರಾಟದಲ್ಲಿ, ಕಿಟಕಿಯಾಚೆ ಮೋಡ ಕಣ್ಣಿಗೆ ಕಾಣುತ್ತಿರುವಾಗ, ಕ್ಯಾಪ್ಟನ್‌ರನ್ನು ಕೇಳಿ ಒಂದೆರಡು ನಿಮಿಷ ಕೈಯಿಂದ ಟಿಲ್ಟ್ ಆಡಿಸಿ ನೋಡಿ. ಮುಗಿದ ಮೇಲೆ ಆಟೋಗೆ ಹಿಂದಿರುಗಿಸಿದ್ದನ್ನು ಬಾಯಿಬಿಟ್ಟು ಹೇಳಿ.

ರನ್‌ವೇ ಬಿಟ್ಟ ಕೂಡಲೇ ರೇಡಾರ್ ಆಫ್. ಮಳೆಯಿಲ್ಲದ ಕಡೆ ಪಟ್ಟೆ, ಒಂದೇ ದಿಕ್ಕಿನಲ್ಲಿ ಸದಾ ಕಪ್ಪು, ಇಂಥದ್ದೇನಾದರೂ ಕಂಡಿದ್ದರೆ, ಅಥವಾ ಆಲಿಕಲ್ಲು ತಾಗಿದ ಶಬ್ದ ಕೇಳಿದ್ದರೆ, ಎಷ್ಟು ಹೊತ್ತಿಗೆ, ಯಾವ ಎತ್ತರದಲ್ಲಿ, ಯಾವ ಟಿಲ್ಟ್‌ನಲ್ಲಿ ಎಂದು ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ದಾಖಲಿಸುವ ಪುಸ್ತಕ) ಬರೆಯಿರಿ. ಸುಮ್ಮನೆ ‘ರೇಡಾರ್ ಸರಿಯಿಲ್ಲ’ ಎಂದು ಬರೆದರೆ ಎಂಜಿನಿಯರ್‌ಗೆ ಹುಡುಕಲು ತುದಿಯೇ ಸಿಗುವುದಿಲ್ಲ.